ಕಾರ್ತಿಕದಲ್ಲಿ ಸೈಕಲ್ ಏರಿದ ಸುಮಿತ್ರಾ

ಸುಮಿತ್ರಾ ಅಂಗಡಿ ನಲವತ್ತು ದಾಟಿದ ಮೇಲೆ ಮತ್ತೆ ಸೈಕಲ್ ಹತ್ತಿದ್ದಕ್ಕೆ ಕಾರಣ ಸಿಟ್ಟು. ಆ ಸಿಟ್ಟು ಹುಟ್ಟಿದ್ದು ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿ, ಅವಳ ಗಂಡ ಚಂದ್ರಮೌಳಿ ಅಧಿಕಾರಿಯಾಗಿದ್ದ ಬ್ಯಾಂಕಿನ ಮೇಲ್ಮಹಡಿಯಲ್ಲಿ.

ತೊಂಬತ್ತರ ದಶಕದ ಮೊದಲ ವರ್ಷಗಳವು. ಮಳೆಗಾಲ ಇನ್ನೂ ಮುಗಿದಿರಲಿಲ್ಲ. ಬ್ಯಾಂಕಿನ ನೌಕರರ ಸಂಘದವರು ಅವತ್ತು ರಕ್ತದಾನ ಶಿಬಿರ ಇಟ್ಟಿದ್ದರು. ಗಂಡನಿಗೆ ಊಟದ ಡಬ್ಬಿ ಕೊಡಲು ಹೋಗಿದ್ದ ಸುಮಿತ್ರಾ ನೋಡಿದರೆ, ಮಂಚಗಳ ಮೇಲೆ ಮಲಗಿದ್ದವರೆಲ್ಲ ಗಂಡಸರೇ. ಹೆಂಗಸರು ಬಾಗಿಲಲ್ಲಿ ನಿಂತು ಬಿಸ್ಕತ್ತು ಹಂಚುತ್ತಿದ್ದರು. ಏನನ್ನಿಸಿತೋ, ಡಬ್ಬಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಕೈ ಚಾಚಿದಳು. ಪರೀಕ್ಷೆ ಮಾಡುವಾತ ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತವನ್ನು ನೀಲಿ ದ್ರಾವಣವಿದ್ದ ಗಾಜಿನ ಲೋಟಕ್ಕೆ ಬಿಟ್ಟ. ಹನಿ ಮುಳುಗಿದರೆ ರಕ್ತದಲ್ಲಿ ಸತ್ವವಿದೆ ಎಂದು, ತೇಲಿದರೆ ಇಲ್ಲ ಎಂದು ಲೆಕ್ಕ. ಸುಮಿತ್ರಾಳ ಹನಿ ತೇಲಿತು.

"ಅಮ್ಮಾ, ಮೀಕೇ ರಕ್ತಂ ಲೇದು," ಎಂದ ಆತ ನಗುತ್ತ. ನಿಮಗೇ ರಕ್ತವಿಲ್ಲ, ಇನ್ನೊಬ್ಬರಿಗೆ ಏನು ಕೊಡುತ್ತೀರಿ ಎನ್ನುವ ಧಾಟಿ. ಸುತ್ತಲಿದ್ದವರೂ ನಕ್ಕರು. ಅವರಲ್ಲಿ ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಆದರೆ ಸುಮಿತ್ರಾಗೆ ಕೆನ್ನೆಗೆ ಹೊಡೆದಂತಾಯಿತು. ಮದುವೆಯಾಗಿ ಗದಗದಿಂದ ಬಂದ ಮೇಲೆ ಗಂಡನ ವರ್ಗಾವಣೆಯ ಹಿಂದೆ ಊರೂರು ಅಲೆದವಳು ಅವಳು. ವಿಜಯವಾಡದ ಗವರ್ನರ್‌ಪೇಟೆಯಲ್ಲಿ ಮಹಡಿಯ ಮೇಲಿನ ಮನೆಗೆ ಕೆಳಗಿನಿಂದ ನೀರು ಹೊತ್ತು ಹಾಕಿದವಳು, ಇಬ್ಬರು ಮಕ್ಕಳನ್ನು ಹೆತ್ತವಳು, ಒಂದು ದಿನವೂ ಹಾಸಿಗೆ ಹಿಡಿಯದವಳು. ಅಂಥ ಮೈಯಲ್ಲಿ ರಕ್ತವಿಲ್ಲ ಎಂದರೆ ಹೇಗೆ?

ಮನೆಗೆ ಬಂದವಳೇ ಯೋಚಿಸಿದಳು. ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಣ್ಣುವ ರೂಢಿ ಯಾವಾಗ ಶುರುವಾಯಿತೋ ಅವಳಿಗೇ ನೆನಪಿರಲಿಲ್ಲ. ಮರುದಿನದಿಂದ ತನಗೂ ಒಂದು ತಾಟು ಇಟ್ಟುಕೊಂಡು ಎಲ್ಲರ ಜೊತೆಗೇ ಕುಳಿತಳು. ನುಗ್ಗೆಸೊಪ್ಪು, ಶೇಂಗಾ, ಬೆಲ್ಲ, ಊರಿನಿಂದ ತರಿಸಿದ ಸಜ್ಜೆ ಹಿಟ್ಟಿನ ರೊಟ್ಟಿ. ವೈದ್ಯರು ಕೊಟ್ಟ ಗುಳಿಗೆಗಳನ್ನೂ ಬಿಡದೆ ನುಂಗಿದಳು.

ಮಗಳು ಗಿರಿಜಾ ಆಗ ಕಾಲೇಜು ಸೇರಿದ್ದಳು. ಅವಳಿಗೆ ಕೊಡಿಸಿದ್ದ ಹಸಿರು ಬಣ್ಣದ ಲೇಡೀಸ್ ಸೈಕಲ್ ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತಿತ್ತು. ಗೆಳತಿಯರೆಲ್ಲ ಮೊಪೆಡ್ ಮೇಲೆ ಬರುವಾಗ ಸೈಕಲ್ ತುಳಿಯಲು ಅವಳಿಗೆ ನಾಚಿಕೆ. ಒಂದು ಬೆಳಿಗ್ಗೆ ಸುಮಿತ್ರಾ ಆ ಸೈಕಲ್ಲನ್ನು ಹೊರಗೆಳೆದು, ಒರೆಸಿ, ಗಾಳಿ ಹೊಡೆಸಿಕೊಂಡು ಬೀಚ್ ರೋಡಿಗೆ ತಳ್ಳಿಕೊಂಡು ಹೋದಳು. ಗದಗದಲ್ಲಿ ಚಿಕ್ಕವಳಿದ್ದಾಗ ಅಣ್ಣನ ದೊಡ್ಡ ಸೈಕಲ್ಲಿನ ನಡುವಿನ ತ್ರಿಕೋನದೊಳಗೆ ಕಾಲು ತೂರಿಸಿ ಕಲಿತ ವಿದ್ಯೆ ಅದು. ಮೊದಲು ಹ್ಯಾಂಡಲ್ ತಡವರಿಸಿತು. ಮೀನಿನ ಬುಟ್ಟಿ ಹೊತ್ತು ಬರುತ್ತಿದ್ದ ಹೆಂಗಸೊಬ್ಬಳು ಪಕ್ಕಕ್ಕೆ ಜಿಗಿದು ಬೈದಳು. ಆಮೇಲೆ ಸಮುದ್ರದ ಗಾಳಿ ಮುಖಕ್ಕೆ ಹೊಡೆದದ್ದೇ ಮೈ ತಾನಾಗಿ ನೆನಪು ಮಾಡಿಕೊಂಡಿತು. ಅವತ್ತು ಮನೆಗೆ ಬಂದಾಗ ಅವಳ ಮುಖ ನೋಡಿ ಚಂದ್ರಮೌಳಿ, "ಏನ, ಯಾರರ ಊರಿಂದ ಬಂದಾರೇನ?" ಎಂದು ಕೇಳಿದ. ಅಷ್ಟು ಖುಷಿ ಇತ್ತು ಅದರಲ್ಲಿ.

ಹೀಗೆ ದಸರಾ ಕಳೆಯಿತು. ದೀಪಾವಳಿಯ ಹೊತ್ತಿಗೆ ಒಂದು ಸುದ್ದಿ ಬಂತು. ಬಂದರಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಸತ್ಯಮೂರ್ತಿ ಎಂಬುವವರು ಕಾರ್ತಿಕ ಮಾಸದಲ್ಲಿ ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ಸೈಕಲ್ ಜಾಥಾ ಹೊರಡಿಸುತ್ತಿದ್ದಾರೆ. ದಾರಿಯುದ್ದಕ್ಕೂ ಊರುಗಳಲ್ಲಿ ನಿಂತು ರಕ್ತದಾನದ ಬಗ್ಗೆ ಹೇಳುವುದು, ಜನರ ರಕ್ತದ ಗುಂಪು ಪರೀಕ್ಷೆ ಮಾಡುವುದು, ವಾರ ತುಂಬುವುದರೊಳಗೆ ವಿಜಯವಾಡದಲ್ಲಿ ದೊಡ್ಡ ಸಭೆ. ಸುಮಿತ್ರಾ ಅವರ ಮನೆ ಹುಡುಕಿಕೊಂಡು ಹೋದಳು.

ಸತ್ಯಮೂರ್ತಿ ಬಿಳಿ ಮೀಸೆಯ, ನೆಟ್ಟಗೆ ನಿಲ್ಲುವ ಮನುಷ್ಯ. ಅವಳ ಮಾತನ್ನು ಆಸ್ಥೆಯಿಂದ ಕೇಳಿದರು. "ಬಹಳ ಸಂತೋಷ ಅಮ್ಮಾ," ಎಂದರು ತೆಲುಗಿನಲ್ಲಿ. "ಹಿಂದೆ ವ್ಯಾನ್ ಬರುತ್ತದೆ. ಅಡುಗೆಯ ಕಡೆ ನಿಮ್ಮಂಥ ಒಬ್ಬರು ಬೇಕೇ ಬೇಕಿತ್ತು."

"ಅಡುಗೆಗೆ ಬರೋದಿಲ್ಲಂಡಿ. ಸೈಕಲ್ ಮೇಲೆ ಬರ್ತೀನಿ."

ಅವರು ಅವಳನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ಇಲ್ಲ ಎನ್ನಲು ಮನಸ್ಸು ಬರಲಿಲ್ಲವೋ, ಅಥವಾ ತಾನಾಗಿ ಬಿಟ್ಟುಬಿಡಲಿ ಎಂದುಕೊಂಡರೋ, "ಭಾನುವಾರ ನಾವೆಲ್ಲ ಭೀಮಿಲಿವರೆಗೂ ಹೋಗಿ ಬರುತ್ತೇವೆ. ಜೊತೆಗೆ ಬನ್ನಿ, ಆಮೇಲೆ ನೋಡೋಣ," ಎಂದರು. ಸಮುದ್ರದ ಬದಿಯ ಆ ರಸ್ತೆ ಗುಡ್ಡ ಹತ್ತಿ ಇಳಿಯುವ ರಸ್ತೆ. ಭಾನುವಾರ ಸುಮಿತ್ರಾ ಎಲ್ಲರಿಗಿಂತ ಹಿಂದೆ ಉಳಿದಳು. ಆದರೆ ಒಂದು ಏರಿನಲ್ಲೂ ಇಳಿದು ತಳ್ಳಲಿಲ್ಲ. ಕಾಲೇಜಿನ ತರುಣರು ಇಬ್ಬರು ಮೂವರು ಇಳಿದಿದ್ದರು. ವಾಪಸು ಬಂದ ಮೇಲೆ ಸತ್ಯಮೂರ್ತಿ ಮೀಸೆ ಸವರಿಕೊಂಡು, "ಸರಿ ಅಮ್ಮಾ," ಎಂದರು, ಅಷ್ಟೆ.

ಇನ್ನು ಉಳಿದದ್ದು ಮನೆ. ಚಂದ್ರಮೌಳಿ ಜಗಳ ಮಾಡುವ ಗಂಡನಲ್ಲ. ಚಿಂತೆ ಮಾಡುವ ಗಂಡ.

"ವಿಜಯವಾಡಾಕ್ಕ ಬಸ್ಸಿನ್ಯಾಗ ಹೋದ್ರನ ಏಲೂರು ಮುಟ್ಟೂದ್ರಾಗ ಸೊಂಟ ಹಿಡೀತು ಅಂತಿದ್ದಿ. ಸೈಕಲ್ ಮ್ಯಾಲೆ ಹ್ಯಾಂಗ ಹೋಗ್ತಿ?"

"ಕುಂತು ಕುಂತು ಹಿಡೀತೈತ್ರಿ. ತುಳಕೋತ ಹೋದ್ರ ಯಾಕ ಹಿಡೀತೈತಿ?"

"ಲಾರಿ ಭಾಳ ಆ ರಸ್ತಾದಾಗ."

"ಎಡಕ್ಕನ ಇರ್ತೀನಿ."

ಅವನು ಎದ್ದು ಹೋಗಿ ಸೈಕಲ್ಲಿನ ಬ್ರೇಕು ಹಿಡಿದು ನೋಡಿದ. "ಹಿಂದಿನ ಬ್ರೇಕು ಸಡಲ ಐತಿ. ನಾಳೆ ಬದಲಿ ಹಾಕಿಸಿಕೊಂಡು ಬರ್ತೀನಿ," ಎಂದ. ಒಪ್ಪಿಗೆ ಎಂದರೆ ಅದೇ. ಗಿರಿಜಾ ಮಾತ್ರ ಅಡುಗೆಮನೆಯ ಬಾಗಿಲಲ್ಲಿ ನಿಂತು, ಅರ್ಧ ತೆಲುಗಾದ ತನ್ನ ಕನ್ನಡದಲ್ಲಿ, "ಅಮ್ಮಾ, ನೀನು ನಿಜಂಗಾನೇ ಹೋಗ್ತೀಯಾ? ನಮ್ಮ ಕಾಲೇಜು ಮುಂದಿಂದ ಹೋಗಬೇಡ ಪ್ಲೀಸ್," ಎಂದಳು.

ಹೊರಟ ದಿನ ಸಮುದ್ರದ ಮೇಲೆ ಸೂರ್ಯ ಆಗತಾನೇ ಎದ್ದಿದ್ದ. ಬಂದರಿನ ನೌಕರರು, ಉಕ್ಕಿನ ಕಾರ್ಖಾನೆಯವರು, ವಿದ್ಯಾರ್ಥಿಗಳು. ಮುಂದೆ ಧ್ವಜ ಹಿಡಿದು ಜಗನ್ಮೋಹನ್. ಅವನು ಬಂದರಿನಲ್ಲಿ ಕ್ರೇನ್ ನಡೆಸುವವನು, ಸೈಕಲ್ ಪಂದ್ಯಗಳಲ್ಲಿ ಬಹುಮಾನ ಹೊಡೆದವನು. ಹಿಂದಿನ ವ್ಯಾನಿನಲ್ಲಿ ನರ್ಸ್ ರಾಜ್ಯಲಕ್ಷ್ಮಿ, ಅವಳ ಪರೀಕ್ಷೆಯ ಸಾಮಾನು, ಅಡುಗೆಯ ಪಾತ್ರೆ. ರಾಜ್ಯಲಕ್ಷ್ಮಿಯ ತಾಯಿ ಬಳ್ಳಾರಿಯವರು, ತಂದೆ ವಿಶಾಖಪಟ್ಟಣದವರು. ಆದ್ದರಿಂದ ಅವಳ ಬಾಯಲ್ಲಿ ಎರಡೂ ಭಾಷೆ ಕಲೆತು ಬರುತ್ತಿತ್ತು. "ಅಕ್ಕಾ, ನಿಮಗೆ ಚಾಲಾ ಧೈರ್ಯ," ಎಂದು ಅವಳು ಸುಮಿತ್ರಾಳ ಸೆರಗನ್ನು ಸೊಂಟಕ್ಕೆ ಬಿಗಿದಳು.

ಬಿಗಿದದ್ದು ಸಾಲಲಿಲ್ಲ. ಗಾಜುವಾಕ ದಾಟುವಷ್ಟರಲ್ಲಿ ಸೀರೆಯ ನೆರಿಗೆ ಚೈನಿಗೆ ಸಿಕ್ಕಿ, ಸುಮಿತ್ರಾ ರಸ್ತೆಯ ಪಕ್ಕದ ಮಣ್ಣಿನಲ್ಲಿ ಬಿದ್ದಳು. ಮೊಣಕೈ ತರಚಿತು, ಸೀರೆ ಹರಿಯಿತು. ವ್ಯಾನು ನಿಂತು ಬಾಗಿಲು ತೆರೆಯಿತು. ಅವಳು ಅದರೊಳಗೆ ಹೋದಳು. ಎಲ್ಲರೂ ಇಲ್ಲಿಗೆ ಮುಗಿಯಿತು ಎಂದುಕೊಂಡರು. ಹೊರಬಂದಾಗ ಅವಳು ಸೀರೆಯನ್ನು ಕಚ್ಚೆ ಹಾಕಿ ಉಟ್ಟಿದ್ದಳು, ಗದಗದ ಹೊಲದಲ್ಲಿ ಅವಳ ಅಜ್ಜಿ ಉಡುತ್ತಿದ್ದ ಹಾಗೆ, ಮೀನಖಂಡ ಕಾಣುವಂತೆ. ನಲವತ್ತು ದಾಟಿದ ಬ್ಯಾಂಕ್ ಅಧಿಕಾರಿಯ ಹೆಂಡತಿ ಹೆದ್ದಾರಿಯಲ್ಲಿ ಹಾಗೆ ನಿಂತದ್ದನ್ನು ನೋಡಿ ಎಲ್ಲರೂ ಮತ್ತೆ ಸೈಕಲ್ ಹತ್ತಿದರು. ಆಮೇಲೆ ವಿಜಯವಾಡದವರೆಗೂ ಅವಳು ಉಟ್ಟದ್ದು ಹಾಗೆಯೇ.

ಆ ದಿನಗಳು ಹೇಗೆ ಹೋದವೋ. ಬೆಳಿಗ್ಗೆ ಮಂಜಿನಲ್ಲಿ ಹೊರಡುವುದು, ಬಿಸಿಲೇರುವ ಮೊದಲು ಒಂದು ಊರು ಸೇರುವುದು, ಸಂತೆಯಲ್ಲೋ ಶಾಲೆಯ ಅಂಗಳದಲ್ಲೋ ಮೇಜು ಹಾಕುವುದು. ಅನಕಾಪಲ್ಲಿಯಲ್ಲಿ ಬೆಲ್ಲದ ಮಂಡಿಯ ಹಮಾಲರು ಸಾಲುಗಟ್ಟಿ ಬೆರಳು ಕೊಟ್ಟರು, ಹೋಗುವಾಗ ಜಾಥಾದ ಒಬ್ಬೊಬ್ಬರ ಚೀಲಕ್ಕೂ ಒಂದೊಂದು ಬೆಲ್ಲದ ಉಂಡೆ ಹಾಕಿದರು. ತುನಿಯಲ್ಲಿ ಯಾರೂ ಬರಲಿಲ್ಲ. ಮೇಜಿನ ಮುಂದೆ ಒಂದು ಕರು ಬಂದು ನಿಂತಿತ್ತು. ಗಂಡಸರು ಅಷ್ಟಿಷ್ಟು ಬರುತ್ತಿದ್ದರು. ಹೆಂಗಸರು ದೂರದಿಂದ ನೋಡಿ ಹೋಗುತ್ತಿದ್ದರು.

ಅನ್ನವರಂ ಹತ್ತಿರ ಒಂದು ಮಾವಿನ ತೋಪಿನಲ್ಲಿ ಕಾರ್ತಿಕದ ವನಭೋಜನ ನಡೆದಿತ್ತು. ನೆಲ್ಲಿ ಮರದ ಕೆಳಗೆ ಪೂಜೆ ಮುಗಿಸಿ, ಊರಿನ ಮನೆಮಂದಿಯೆಲ್ಲ ಬಾಳೆಲೆ ಹಾಕಿಕೊಂಡು ಕುಳಿತಿದ್ದರು. ಜಾಥಾದವರನ್ನೂ ಕರೆದು ಕೂರಿಸಿದರು. ಊಟವಾದ ಮೇಲೆ ಸತ್ಯಮೂರ್ತಿ, "ಅಮ್ಮಾ, ಇಲ್ಲಿ ಹೆಂಗಸರೇ ಹೆಚ್ಚು. ನೀವು ಮಾತಾಡಿ," ಎಂದರು.

ಸುಮಿತ್ರಾ ಹತ್ತಾರು ವರ್ಷ ತೆಲುಗು ನಾಡಿನಲ್ಲಿದ್ದವಳು. ತರಕಾರಿಯವನ ಜೊತೆ ಚೌಕಾಸಿ ಮಾಡುವ ತೆಲುಗು ಅವಳಿಗೆ ಸಲೀಸು. ಆದರೆ ಅಷ್ಟು ಜನರ ಮುಂದೆ ನಿಂತಾಗ ಆ ತೆಲುಗು ಕೈಕೊಟ್ಟಿತು. ತೆಲುಗಿನಲ್ಲಿ ಶುರುಮಾಡಿ, ಕೊನೆಗೆ ಗಾಬರಿಯಲ್ಲಿ ಕನ್ನಡ ನುಸುಳಿ, "ಅಮ್ಮಾ, ಅಂದರೂ ರಕ್ತಂ ಕೊಡಿ, ರಕ್ತಂ ಕೊಡಿ!" ಎಂದುಬಿಟ್ಟಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತೆಲುಗಿನಲ್ಲಿ ಅಂದರೂ ಎಂದರೆ ಎಲ್ಲರೂ, ಕೋಡಿ ಎಂದರೆ ಕೋಳಿ; ಅವಳ ಕೊಡಿ ಅವರಿಗೆ ಕೋಡಿ ಎಂದು ಕೇಳಿಸಿತ್ತು. ಹಿಂದಿನ ಸಾಲಿನ ಮುದುಕಿಯೊಬ್ಬಳು ಗಟ್ಟಿಯಾಗಿ, "ಕಾರ್ತಿಕ ಮಾಸದಲ್ಲಿ ಕೋಳಿ ಏನಮ್ಮಾ, ಅದೂ ರಕ್ತದ ಕೋಳಿ!" ಎಂದಳು. ತೋಪೆಲ್ಲ ನಗು. ಸುಮಿತ್ರಾಗೆ ತಪ್ಪು ಹೊಳೆದು ಅವಳೂ ನಕ್ಕಳು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗುವಿನಲ್ಲಿ ಭಯ ಹೋಯಿತು. ಆಮೇಲೆ ಅವಳು ಭಾಷಣ ಬಿಟ್ಟು, ತನ್ನ ಹನಿ ತೇಲಿದ್ದನ್ನೂ, ಎಲ್ಲರ ಊಟವಾದ ಮೇಲೆ ತಾನು ಉಣ್ಣುತ್ತಿದ್ದದ್ದನ್ನೂ, ಈಗ ತನಗೂ ಒಂದು ತಾಟು ಇಟ್ಟುಕೊಂಡದ್ದನ್ನೂ ಹೇಳಿದಳು. ಹೆಂಗಸರು ನಗುವುದನ್ನು ನಿಲ್ಲಿಸಿ ಕೇಳಿದರು. ಮೊದಲು ಎದ್ದು ಬಂದು ಬೆರಳು ಚಾಚಿದವಳು ಕೋಳಿಯ ಮುದುಕಿಯೇ. "ಈ ವಯಸ್ಸಿನಲ್ಲಿ ಯಾರಿಗೂ ಬೇಡ ನನ್ನ ರಕ್ತ. ಆದರೂ ಯಾವ ಜಾತಿಯದು ಅಂತ ನೋಡಿ ಹೇಳು," ಎಂದಳು ರಾಜ್ಯಲಕ್ಷ್ಮಿಗೆ.

ರಾಜಮಂಡ್ರಿಯಲ್ಲಿ ಗೋದಾವರಿಯ ಸೇತುವೆ ದಾಟಿದ ಬೆಳಿಗ್ಗೆಯನ್ನು ಸುಮಿತ್ರಾ ಎಷ್ಟೋ ವರ್ಷಗಳ ನಂತರವೂ ಎಲ್ಲರಿಗೂ ಹೇಳುತ್ತಿದ್ದಳು. ಆ ಸೇತುವೆಯಲ್ಲಿ ಕೆಳಗೆ ರೈಲು, ಮೇಲೆ ರಸ್ತೆ. ನಡು ಹೊಳೆಗೆ ಬಂದಾಗ ಕೆಳಗಿನಿಂದ ರೈಲು ಹಾಯಿತು. ಸೈಕಲ್ಲಿನ ಹ್ಯಾಂಡಲ್ ನಡುಗಿತು, ಹಲ್ಲು ನಡುಗಿದವು. ಎರಡೂ ಕಡೆ ಕಣ್ಣು ಹಾಯಿಸಿದಷ್ಟೂ ನೀರು. ರೈಲಿನ ಕಿಟಕಿಯಲ್ಲಿ ಕುಳಿತು ಎಷ್ಟೋ ಸಲ ಈ ಹೊಳೆಗೆ ನಾಣ್ಯ ಎಸೆದಿದ್ದಳು. ಅವತ್ತು ಎಸೆಯಲು ಕೈ ಬಿಡುವಿರಲಿಲ್ಲ. ತನ್ನ ಕಾಲಿನ ಬಲದಿಂದ ಗೋದಾವರಿ ದಾಟುತ್ತಿದ್ದೇನೆ ಎಂಬುದೇ ಸಾಕಾಗಿತ್ತು.

ಹೊಳೆ ದಾಟಿದ ಮರುದಿನ ಮೋಡ ಕವಿಯಿತು. ಸಮುದ್ರದಲ್ಲಿ ವಾಯುಭಾರ ಕುಸಿದಿದೆ ಎಂದು ರೇಡಿಯೋದವರು ಹೇಳಿದರು. ಮಧ್ಯಾಹ್ನದ ಹೊತ್ತಿಗೆ ಮಳೆ ಕೊಡದಲ್ಲಿ ಸುರಿದಂತೆ ಸುರಿಯಿತು. ಕೊಯ್ದು ಹಾಕಿದ ಭತ್ತದ ಮೇಲೆ ಹುಲ್ಲು ಮುಚ್ಚಲು ಜನ ಗದ್ದೆಯಲ್ಲಿ ಓಡಾಡುತ್ತಿದ್ದರು. ಜಾಥಾದವರೂ ಸೈಕಲ್ ಮಲಗಿಸಿ ಗದ್ದೆಗಿಳಿದು ಹೊರೆ ಹೊತ್ತರು. ಒದ್ದೆ ಮುದ್ದೆಯಾಗಿ ಒಂದು ಸಣ್ಣ ಊರು ಸೇರಿ, ಅಕ್ಕಿಗಿರಣಿಯ ಶೆಡ್ಡಿನಲ್ಲಿ ನಿಂತರು. ಏಲೂರಿನ ಕಡೆ ಹಳ್ಳ ರಸ್ತೆಯ ಮೇಲೆ ಹರಿಯುತ್ತಿದೆ, ಲಾರಿಗಳೆಲ್ಲ ನಿಂತಿವೆ ಎಂದು ಸುದ್ದಿ. ವಿಜಯವಾಡದ ಸಭೆ ಮರುದಿನ ಸಂಜೆ. ಸತ್ಯಮೂರ್ತಿ ಶೆಡ್ಡಿನ ಬಾಗಿಲಲ್ಲಿ ನಿಂತು ಆಕಾಶ ನೋಡುತ್ತಿದ್ದರು. ಮಳೆ ನಿಂತ ಕೂಡಲೇ ಹೊರಟರೆ, ಇನ್ನೂ ಸಮಯಕ್ಕೆ ಮುಟ್ಟಬಹುದಿತ್ತು.

ಅಷ್ಟರಲ್ಲಿ ಊರಿನ ಸರ್ಕಾರಿ ಆಸ್ಪತ್ರೆಯ ಕಾಂಪೌಂಡರ್ ಛತ್ರಿ ಹಿಡಿದು ಓಡಿ ಬಂದ. ಅವತ್ತು ಬೆಳಿಗ್ಗೆ ಹೆರಿಗೆಯಾದ ಗಂಗಾಭವಾನಿ ಎಂಬ ಹೆಂಗಸಿಗೆ ರಕ್ತಸ್ರಾವ ಆಗಿತ್ತು. ಡಾಕ್ಟರಮ್ಮ ಹೇಗೋ ನಿಲ್ಲಿಸಿದ್ದರು, ಆದರೆ ಮೈಯಲ್ಲಿ ರಕ್ತವೇ ಉಳಿದಿರಲಿಲ್ಲ. ಅವಳದು ಒ ನೆಗೆಟಿವ್, ಅಪರೂಪದ ಗುಂಪು. ಮನೆಯವರಲ್ಲಿ ಪರೀಕ್ಷೆ ಮಾಡಿಸಿಕೊಂಡ ಯಾರದ್ದೂ ಹೊಂದಲಿಲ್ಲ. ಏಲೂರಿಗೆ ಒಯ್ಯೋಣವೆಂದರೆ ದಾರಿ ಇಲ್ಲ.

ಹೊರಡುವ ಮೊದಲೇ ಎಲ್ಲರ ಗುಂಪನ್ನೂ ಪರೀಕ್ಷಿಸಿದ್ದ ರಾಜ್ಯಲಕ್ಷ್ಮಿಗೆ ಯೋಚಿಸಬೇಕಾಗಿರಲಿಲ್ಲ. ಜಾಥಾದಲ್ಲಿ ಒ ನೆಗೆಟಿವ್ ಇದ್ದವರು ಇಬ್ಬರು. ಧ್ವಜ ಹಿಡಿದ ಜಗನ್ಮೋಹನ್, ಇನ್ನೊಬ್ಬಳು ಸುಮಿತ್ರಾ.

ಸುಮಿತ್ರಾ ಎದ್ದು ನಿಂತಾಗಿತ್ತು. ಸತ್ಯಮೂರ್ತಿ ಅವಳನ್ನು ಪಕ್ಕಕ್ಕೆ ಕರೆದರು. ಅವರ ದನಿ ಮೆತ್ತಗಿತ್ತು. "ಅಮ್ಮಾ, ಕೊಡಬೇಡಿ ಅಂತ ನಾನು ಹೇಳುವವನಲ್ಲ. ಆದರೆ ರಕ್ತ ಕೊಟ್ಟ ಮೇಲೆ ನಾಳೆ ನೀವು ಸೈಕಲ್ ಮುಟ್ಟುವ ಹಾಗಿಲ್ಲ. ಅಲ್ಲಿ ಕಾಲೇಜು ಹುಡುಗಿಯರು ಸಾವಿರಗಟ್ಟಲೆ ಬರುತ್ತಾರೆ, ಪತ್ರಿಕೆಯವರು ಬರುತ್ತಾರೆ. ಅವರೆಲ್ಲ ನೋಡಬೇಕೆಂದಿರುವುದು ನಿಮ್ಮನ್ನು." ಮತ್ತೆ ಅವರೇ, "ಒಂದು ಕೆಲಸ ಮಾಡೋಣ. ನಾಳೆ ನೀವು ವ್ಯಾನಿನಲ್ಲಿ ಬನ್ನಿ. ವಿಜಯವಾಡದ ಬೆಂಜ್ ಸರ್ಕಲ್ ಹತ್ತಿರ ಇಳಿದು, ಅಲ್ಲಿಂದ ಸಭೆಯವರೆಗೂ ನಿಧಾನವಾಗಿ ಸೈಕಲ್ ಮೇಲೆ ಬಂದರಾಯಿತು. ಯಾರಿಗೂ ಗೊತ್ತಾಗುವುದಿಲ್ಲ."

"ನನಗೆ ಗೊತ್ತಾಗ್ತದಲ್ಲಂಡಿ," ಎಂದಳು ಸುಮಿತ್ರಾ. "ನೀವು ಹೋಗಿ, ಸಭೆ ಮಾಡಿ. ನಾನು ಎರಡು ದಿನ ತಡವಾಗಿ ಬರ್ತೀನಿ. ಸೈಕಲ್ ಮೇಲೇ ಬರ್ತೀನಿ."

ಜಗನ್ಮೋಹನ್ ಇದನ್ನೆಲ್ಲ ಕೇಳುತ್ತ ನಿಂತಿದ್ದ. ಅವನ ಮುಖದಲ್ಲಿ ಆಸೆಯೂ ಸಂಕಟವೂ ಎರಡೂ ಕಾಣುತ್ತಿದ್ದವು; ಧ್ವಜ ಹಿಡಿದು ವಿಜಯವಾಡ ಹೊಗುವುದು ಎಂದರೆ ಅವನಿಗೆ ಸಣ್ಣ ಮಾತಾಗಿರಲಿಲ್ಲ. ಅವನು ಧ್ವಜವನ್ನು ಸೈಕಲ್ಲಿನಿಂದ ಬಿಚ್ಚಿ ಸತ್ಯಮೂರ್ತಿಯವರ ಕೈಗೆ ಕೊಟ್ಟು, "ನಡೀರಿ ಅಕ್ಕಾ," ಎಂದು ಮಳೆಗಿಳಿದ.

ಆಸ್ಪತ್ರೆಯಲ್ಲಿ ರಾಜ್ಯಲಕ್ಷ್ಮಿ ಅವಳ ಬೆರಳು ಚುಚ್ಚಿ ಹನಿಯನ್ನು ನೀಲಿ ದ್ರಾವಣಕ್ಕೆ ಬಿಟ್ಟಾಗ ಸುಮಿತ್ರಾ ಉಸಿರು ಹಿಡಿದುಕೊಂಡಿದ್ದಳು. ಹನಿ ಒಂದು ಗಳಿಗೆ ಮೇಲೆ ನಿಂತ ಹಾಗಾಯಿತು. ಆಮೇಲೆ ಕೆಂಪು ಮಣಿಯ ಹಾಗೆ ದುಂಡಗೆ, ನೇರ ತಳಕ್ಕೆ ಇಳಿಯಿತು. "ಮುಳುಗಿತು ಅಕ್ಕಾ!" ಎಂದು ರಾಜ್ಯಲಕ್ಷ್ಮಿ ಕೂಗಿದಳು. ಒಳಗೆ ಒಂದು ಜೀವ ಕಾಯುತ್ತಿರುವಾಗ ಇಷ್ಟು ಸಂತೋಷ ಪಡುವುದು ಸರಿಯೋ ತಪ್ಪೋ ಎಂದು ಸುಮಿತ್ರಾಗೆ ಅನ್ನಿಸಿತು. ಆದರೂ ಸಂತೋಷ ತಡೆಯಲಾಗಲಿಲ್ಲ.

ಮಂಚದ ಮೇಲೆ ಮಲಗಿ, ಕೊಳವೆಯಲ್ಲಿ ತನ್ನ ರಕ್ತ ಇಳಿಯುವುದನ್ನು ಅವಳು ನೋಡಿದಳು. ಅವಳ ನಂತರ ಜಗನ್ಮೋಹನ್. ಸಂಜೆಯ ವೇಳೆಗೆ ಗಂಗಾಭವಾನಿಯ ತುಟಿಗೆ ಬಣ್ಣ ಬಂತು. ಡಾಕ್ಟರಮ್ಮ ಹೊರಬಂದು, ಕುರ್ಚಿಯಲ್ಲಿ ಕುಳಿತು, ಮೊದಲ ಸಲ ನೀರು ಕೇಳಿ ಕುಡಿದರು. ಗಂಗಾಭವಾನಿಯ ಅತ್ತೆ ಸೂರ್ಯಕಾಂತಮ್ಮ ಸೊಸೆಯನ್ನು ನೋಡಿ ಬಂದು, ಸುಮಿತ್ರಾಳ ಎರಡೂ ಕೈ ಹಿಡಿದುಕೊಂಡಳು.

ಮಳೆ ನಿಂತಿತು. ಹಳ್ಳ ಇಳಿಯಿತು. ಜಾಥಾ ಸತ್ಯಮೂರ್ತಿಯವರ ಹಿಂದೆ ಹೊರಟುಹೋಯಿತು. ಸುಮಿತ್ರಾ, ಜಗನ್ಮೋಹನ್, ಪರೀಕ್ಷೆಯ ಪೆಟ್ಟಿಗೆ ಇಟ್ಟುಕೊಂಡ ರಾಜ್ಯಲಕ್ಷ್ಮಿ ಉಳಿದರು. ಸೂರ್ಯಕಾಂತಮ್ಮ ತನ್ನ ಮನೆಗೆ ಕರೆದುಕೊಂಡು ಹೋಗಿ, ಮುದ್ದೆಪಪ್ಪು ಎನ್ನುವ ಗಟ್ಟಿ ತೊವ್ವೆ, ತುಪ್ಪ, ಬಿಸಿ ಅನ್ನ ಬಡಿಸಿದಳು. ಇನ್ನೂ ಬೇಕು ಎಂದು ಕೇಳುವವರೆಗೆ ಕಾಯಲಿಲ್ಲ. ಬೇಡ ಎಂದ ಮೇಲೂ ಬಡಿಸಿದಳು. ಬೆಳಗಾಗುವಷ್ಟರಲ್ಲಿ ಸುದ್ದಿ ಬೀದಿಯೆಲ್ಲ ಹಬ್ಬಿತ್ತು. ಸೂರ್ಯಕಾಂತಮ್ಮನೇ ಮೊದಲು ಜಗುಲಿಗೆ ಬಂದು, "ನನ್ನದೂ ನೋಡಮ್ಮಾ. ನಿನ್ನೆ ಹೆದರಿ ಮೂಲೆಯಲ್ಲಿ ಕೂತಿದ್ದೆ," ಎಂದು ರಾಜ್ಯಲಕ್ಷ್ಮಿಗೆ ಬೆರಳು ಕೊಟ್ಟಳು. ಅವಳ ಹಿಂದೆ ನೆರೆಮನೆಯವಳು, ಅವಳ ನಾದಿನಿ, ಬಟ್ಟೆ ಒಗೆಯುವವಳು, ಶಾಲೆಯ ಮೇಡಂ. ಮಧ್ಯಾಹ್ನದವರೆಗೂ ಜಗುಲಿ ಖಾಲಿಯಾಗಲಿಲ್ಲ. ದಾರಿಯಲ್ಲಿ ಯಾವ ಊರಿನಲ್ಲೂ ಇಷ್ಟು ಹೆಂಗಸರು ಬಂದಿರಲಿಲ್ಲ. ಸುಮಿತ್ರಾ ಕಂಬಕ್ಕೆ ಒರಗಿ ಕುಳಿತು ಹತ್ತಿಯ ಉಂಡೆ ಮಾಡಿ ಮಾಡಿ ಕೊಡುತ್ತಿದ್ದಳು. ಆ ಸಂಜೆ ವಿಜಯವಾಡದಲ್ಲಿ ಸಭೆ ನಡೆಯುತ್ತಿದ್ದಾಗ ಅವಳು ಗಂಗಾಭವಾನಿಯ ಮಂಚದ ಪಕ್ಕದಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಿದ್ದಳು. ಹೆಣ್ಣು ಕೂಸು, ಅಳುವುದರಲ್ಲಿ ಬಲು ಜೋರು.

ಡಾಕ್ಟರಮ್ಮ ಒಪ್ಪಿದ ಮೇಲೆಯೇ ಇಬ್ಬರೂ ಸೈಕಲ್ ಹತ್ತಿದರು. ರಾಜ್ಯಲಕ್ಷ್ಮಿ ಬಸ್ಸಿನಲ್ಲಿ ಹೊರಟಳು. ಜಗನ್ಮೋಹನ್ ತನ್ನ ವೇಗ ಬಿಟ್ಟು ಸುಮಿತ್ರಾಳ ಪಕ್ಕದಲ್ಲಿ, ಲಾರಿಗಳ ಕಡೆಗೆ ತಾನಿದ್ದುಕೊಂಡು, ನಿಧಾನವಾಗಿ ತುಳಿದ. ಮಳೆ ತೊಳೆದ ಗದ್ದೆಗಳು, ತೆಂಗಿನ ಸಾಲು, ಕಾಲುವೆಯ ಮೇಲೆ ಕೊಕ್ಕರೆ. ಏಲೂರಿನಲ್ಲಿ ತಂಗಿ ಮತ್ತೆ ಹೊರಟರು. ಹನುಮಾನ್ ಜಂಕ್ಷನ್ ದಾಟಿದ ಮೇಲೆ ಸುಮಿತ್ರಾಳ ತೊಡೆಗಳು ಕಲ್ಲಾದವು. ಇಳಿದು, ಹುಣಿಸೆ ಮರದ ಕೆಳಗೆ ಕುಳಿತು, ಎಳನೀರು ಕುಡಿದು, ಮತ್ತೆ ಹತ್ತಿದಳು. ಊರು ಹೊಗುವಾಗ ಯಾರೂ ಕಾಯುತ್ತಿರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಸಭೆ ಮುಗಿದಿತ್ತು, ಚಪ್ಪರ ಬಿಚ್ಚಿದ್ದರು. ಬಸ್ಸಿನಲ್ಲಿ ವಿಶಾಖಪಟ್ಟಣಕ್ಕೆ ಮರಳಿದಾಗ ಗಂಡ ಬಸ್ ಸ್ಟ್ಯಾಂಡಿಗೆ ಬಂದು ಕರೆದುಕೊಂಡು ಹೋದರೆ ಸಾಕು ಎಂದುಕೊಂಡಳು.

ಗನ್ನವರಂ ಹತ್ತಿರ ಎದುರಿನಿಂದ ಸೈಕಲ್ಲುಗಳ ಸಾಲೊಂದು ಬಂತು. ಮುಂದೆ ಬಿಳಿ ಮೀಸೆ. ಜಾಥಾದ ಅರ್ಧಕ್ಕೂ ಹೆಚ್ಚು ಜನ ಮನೆಗೆ ಹೋಗದೆ ಉಳಿದಿದ್ದರು. ಬಸ್ಸಿನಲ್ಲಿ ಮೊದಲೇ ತಲುಪಿದ ರಾಜ್ಯಲಕ್ಷ್ಮಿ ಸುದ್ದಿ ಮುಟ್ಟಿಸಿದ್ದಳು. ಸತ್ಯಮೂರ್ತಿ ಸೈಕಲ್ ಇಳಿದು ಬಂದು, ಧ್ವಜವನ್ನು ಜಗನ್ಮೋಹನನ ಕೈಗೆ ಮರಳಿಸಿದರು. ಜಗನ್ಮೋಹನ್ ಅದನ್ನು ಸುಮಿತ್ರಾಳ ಹಸಿರು ಸೈಕಲ್ಲಿನ ಹ್ಯಾಂಡಲ್ಲಿಗೆ ಕಟ್ಟಲು ಶುರುಮಾಡಿದ.

"ಏ ಬೇಡಪ್ಪಾ," ಎಂದಳು ಅವಳು.

"ಇರಲಿ ಅಮ್ಮಾ," ಎಂದರು ಸತ್ಯಮೂರ್ತಿ. "ಸಭೆಯಲ್ಲಿ ನಾನು ಬರೆದುಕೊಂಡು ಹೋದ ಭಾಷಣ ಮಾಡಲಿಲ್ಲ. ನಿಮ್ಮಿಬ್ಬರ ಕಥೆ ಹೇಳಿದೆ, ಅಷ್ಟೆ. ಬೆಂಜ್ ಸರ್ಕಲ್‌ನಲ್ಲಿ ಇಳಿದು ಬನ್ನಿ ಅಂತ ನಾನು ಹೇಳಿದ್ದನ್ನೂ ಹೇಳಿದೆ. ಈಗ ನೀವು ಮುಂದೆ ನಡೀರಿ. ನಾವು ಹಿಂದೆ ಬರುತ್ತೇವೆ."

ಹಾಗೆ ಸುಮಿತ್ರಾ ವಿಜಯವಾಡ ಹೊಕ್ಕಳು. ಬೆಂಜ್ ಸರ್ಕಲ್ ಎಂದರೆ ಸಂಜೆಯ ಹೊತ್ತು ಬಸ್ಸು, ಲಾರಿ, ಆಟೋ ಒಂದರ ಮೇಲೊಂದು ಬೀಳುವ ಜಾಗ. ಟ್ರಾಫಿಕ್ ಪೊಲೀಸಿನವನು ಕಚ್ಚೆ ಹಾಕಿದ ಹೆಂಗಸನ್ನೂ, ಅವಳ ಧ್ವಜವನ್ನೂ, ಹಿಂದಿನ ಸಾಲನ್ನೂ ನೋಡಿದ. ಏನು ಎತ್ತ ಎಂದು ಕೇಳದೆ ಕೈ ಅಡ್ಡ ಹಿಡಿದು ಬಸ್ಸುಗಳನ್ನು ನಿಲ್ಲಿಸಿದ. ಆ ತೆರಪಿನಲ್ಲಿ, ನಡು ರಸ್ತೆಯಲ್ಲಿ, ಸುಮಿತ್ರಾ ಬೆನ್ನು ನೆಟ್ಟಗೆ ಮಾಡಿ ತುಳಿದಳು. ಮೈಯೆಲ್ಲ ನೋವು. ಆದರೆ ಆ ಗಳಿಗೆಯಲ್ಲಿ ಇನ್ನೂ ಇಷ್ಟೇ ದೂರ ಹೋಗು ಎಂದಿದ್ದರೂ ಹೋಗುತ್ತಿದ್ದಳು.

ಮೂಲೆಯ ಚಹಾ ಅಂಗಡಿಯ ಮುಂದೆ ಚಂದ್ರಮೌಳಿ ನಿಂತಿದ್ದ. ಸಭೆಗೆಂದು ರೈಲಿನಲ್ಲಿ ಬಂದವನು ರಜೆ ಮುಂದುವರಿಸಿ ಅಲ್ಲೇ ಉಳಿದಿದ್ದ. ಪಕ್ಕದಲ್ಲಿ ಗಿರಿಜಾ. ಕಾಲೇಜಿನ ಮುಂದಿಂದ ಹೋಗಬೇಡ ಎಂದಿದ್ದ ಆ ಹುಡುಗಿ ಈಗ ಚಹಾ ಅಂಗಡಿಯವನಿಗೂ, ಆಟೋದವರಿಗೂ, ದಾರಿಯಲ್ಲಿ ನಿಂತ ಎಲ್ಲರಿಗೂ ಕೇಳುವಂತೆ ತೆಲುಗಿನಲ್ಲಿ ಕೂಗುತ್ತಿದ್ದಳು. "ಮಾ ಅಮ್ಮ! ಅದಿಗೋ, ಮಾ ಅಮ್ಮ!"

ಸುಮಿತ್ರಾ ಸೈಕಲ್ ಇಳಿದಳು. ಚಂದ್ರಮೌಳಿ ತೋಳು ಹಿಡಿದ. ಏನೇನೋ ಹೇಳಬೇಕೆಂದು ಬಂದವನು, ಕೊನೆಗೆ ಕೇಳಿದ್ದು, "ಬ್ರೇಕು ಸರಿ ಹಿಡೀತಿದ್ದೂ?"

"ಹಿಡೀತಿದ್ದೂ. ಆದ್ರ ಹಿಡಿಯೂ ಪ್ರಸಂಗನ ಭಾಳ ಬರಲಿಲ್ಲ ಬಿಡ್ರಿ," ಎಂದಳು. ಇಬ್ಬರೂ ನಕ್ಕರು. ಅವನ ಕಣ್ಣು ತುಂಬಿತ್ತು.

ಮುಂದೆ ಅವಳು ವಿಶಾಖಪಟ್ಟಣದಲ್ಲಿ ಹೆಂಗಸರದ್ದೇ ಒಂದು ರಕ್ತದಾನಿಗಳ ಗುಂಪು ಕಟ್ಟಿದಳು. ದ್ವಾರಕಾ ನಗರದ ಶಿಬಿರಗಳಲ್ಲಿ ಹೆಂಗಸರು ಬಿಸ್ಕತ್ತು ಹಂಚಲು ನಿಂತರೆ, "ಅದನ್ನ ಗಂಡಸರು ಹಂಚಲಿ, ನೀವು ಒಳಗ ಬರ್ರಿ," ಎಂದು ಕೈ ಹಿಡಿದು ಎಳೆಯುತ್ತಿದ್ದಳು. ಹನಿ ತೇಲಿದವರನ್ನು ನಕ್ಕು ಕಳಿಸುವಂತಿರಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, ಮನೆಯಲ್ಲಿ ಎಷ್ಟು ಹೊತ್ತಿಗೆ ಉಣ್ಣುತ್ತೀ, ಏನು ಉಣ್ಣುತ್ತೀ ಎಂದು ಕೇಳುತ್ತಿದ್ದಳು. ವರ್ಗಾವಣೆಯಾಗಿ ಹುಬ್ಬಳ್ಳಿಗೆ ಹೊರಟಾಗ ರೈಲ್ವೆ ಸ್ಟೇಷನ್ನಿಗೆ ಬಂದವರನ್ನು ನೋಡಿ, ಇಷ್ಟು ವರ್ಷ ಕೆಲಸ ಮಾಡಿದ್ದು ನಾನೋ ಇವಳೋ ಎಂದು ಚಂದ್ರಮೌಳಿ ಬೆರಗಾಗಿದ್ದ.

ಆದರೆ ಅದೆಲ್ಲ ಆಮೇಲಿನದು. ವಿಜಯವಾಡ ಮುಟ್ಟಿದ ಮರುದಿನ ಬೆಳಿಗ್ಗೆ ಸುಮಿತ್ರಾ ಕೃಷ್ಣೆಯ ಘಾಟಿಗೆ ಹೋಗಿದ್ದಳು. ಕಾರ್ತಿಕ ಸ್ನಾನಕ್ಕೆ ಬಂದವರ ಗದ್ದಲ. ಬಾಳೆದೊನ್ನೆಯ ದೀಪಗಳು ನೀರಿನ ಮೇಲೆ ಓಲಾಡುತ್ತಿದ್ದವು. ಅವಳು ಮೆಟ್ಟಿಲ ಮೇಲೆ ಕುಳಿತು ಕಾಲುಗಳನ್ನು ಮೊಣಕಾಲವರೆಗೂ ನೀರಿಗೆ ಇಳಿಬಿಟ್ಟಿದ್ದಳು. ತಣ್ಣನೆಯ ನೀರಿಗೆ ಕಾಲುಗಳ ನೋವು ಮೆಲ್ಲಗೆ ಬಿಡುತ್ತಿತ್ತು. ಪಕ್ಕದಲ್ಲಿ ಸೀರೆ ಹಿಂಡುತ್ತಿದ್ದ ಅಜ್ಜಿಯೊಬ್ಬಳು ಮಾತಿಗೆಳೆದಳು.

"ಯಾವ ಊರಮ್ಮಾ?"

"ವಿಶಾಖಪಟ್ಟಣಂ."

"ಅಬ್ಬಾ, ಅಷ್ಟು ದೂರದಿಂದ ಸ್ನಾನಕ್ಕೆ ಬಂದೆಯಾ? ಬಸ್ಸಾ, ರೈಲಾ?"

"ಸೈಕಲ್, ಅಮ್ಮಮ್ಮಾ."

ಅಜ್ಜಿ ಹಿಂಡುವುದನ್ನು ನಿಲ್ಲಿಸಿದಳು. ಸುಮಿತ್ರಾಳ ಮುಖ ನೋಡಿದಳು, ನೀರಿನಲ್ಲಿದ್ದ ಕಾಲು ನೋಡಿದಳು. ಆಮೇಲೆ ಬಗ್ಗಿ, ಒದ್ದೆ ಕೈಯಿಂದ ಅವಳ ಮೀನಖಂಡವನ್ನು ಎರಡು ಬೆರಳಲ್ಲಿ ಹಿಡಿದು ಒತ್ತಿ ನೋಡಿ, "ನಿಜವೇ!" ಎಂದು ಘಾಟೆಲ್ಲ ತಿರುಗಿ ನೋಡುವಂತೆ ಕೂಗಿದಳು.